ಜನರ ನಡುವೆ ಅಡಗಿದವನೋ, ಮೇಲಿಂದ ಬಾಂಬು ಹಾಕಿದವನೋ: ತಪ್ಪು ಯಾರದು?

ಪ್ರಶ್ನೆ: ನಾನು ಚಿತ್ರದುರ್ಗದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ತಮ್ಮ ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾಗಿ ನಿವೃತ್ತನಾದವನು. ಅದರಲ್ಲಿ ನಾಲ್ಕು ವರ್ಷ ಕಾಶ್ಮೀರದಲ್ಲಿದ್ದ, ಆ ದಿನಗಳ ಬಗ್ಗೆ ಮಾತೇ ಆಡುವುದಿಲ್ಲ. ಮಗ ದಾವಣಗೆರೆಯಲ್ಲಿ ಪದವಿ ಓದುತ್ತಿದ್ದಾನೆ. ಟಿವಿಯಲ್ಲಿ ಗಾಜಾ ಸುದ್ದಿ ಬಂದರೆ ಸಾಕು, ಮಾವ–ಅಳಿಯನಿಗೆ ಜಗಳ. "ಹೆಂಗಸರು ಮಕ್ಕಳ ಹಿಂದೆ ಬಚ್ಚಿಟ್ಕೊಂಡು ಗುಂಡು ಹೊಡೆಯೋನೇ ಆ ಮಕ್ಕಳನ್ನ ಕೊಂದೋನು" ಅಂತ ತಮ್ಮ. "ಬಾಂಬು ಹಾಕಿದೋರು ಯಾರೋ ಕೊಂದೋರೂ ಅವರೇ. ವಿಮಾನ ಇಲ್ಲದೋರು ಇನ್ ಹೆಂಗೆ ಹೋರಾಡ್ಬೇಕು?" ಅಂತ ಮಗ. ಹೋದ ವಾರ ತಟ್ಟೆ ಬಿಟ್ಟು ಎದ್ದೇ ಹೋದ. ಇಬ್ಬರಲ್ಲಿ ಯಾರು ಸರಿ? ಇಷ್ಟು ದೂರ ಕೂತು ಇದರ ಬಗ್ಗೆ ಮಾತಾಡಲು ನಮಗೇನು ಹಕ್ಕಿದೆ?

ಉತ್ತರ: ತಟ್ಟೆ ಬಿಟ್ಟು ಎದ್ದ ಹುಡುಗನ ಮೇಲೆ ಸಿಟ್ಟಾಗಬೇಡಿ. ಸತ್ತ ಮಕ್ಕಳ ಮಾತು ಬಂದಾಗ ಅನ್ನ ಇಳಿಯದಿದ್ದರೆ ಅದು ಒಳ್ಳೆಯ ಮನಸ್ಸು. ನಿಮ್ಮ ತಮ್ಮನ ಮೇಲೂ ಬೇಡ. ಅವರು ಆಡುತ್ತಿರುವ ಮಾತು ಟಿವಿ ನೋಡಿ ಕಲಿತದ್ದಲ್ಲ.

ದಾವಣಗೆರೆಯಲ್ಲಿ ಇಪ್ಪತ್ತೆಂಟು ವರ್ಷ ನಾನು ಅಂತರರಾಷ್ಟ್ರೀಯ ಕಾನೂನು ಪಾಠ ಮಾಡಿದೆ. ನಿಮ್ಮ ಮನೆಯ ಜಗಳ ನನ್ನ ತರಗತಿಯಲ್ಲಿ ವರ್ಷವರ್ಷವೂ ಆಗುತ್ತಿತ್ತು. ಎರಡೂ ಕಡೆಯವರು ಎದುರು ಪಕ್ಷದ ಮೇಲೆ ಹೊರಿಸುವ ಆರೋಪ ಬಹುಮಟ್ಟಿಗೆ ನಿಜವೇ ಇರುತ್ತಿತ್ತು. ಅದರಿಂದ ಅವರು ಎಳೆಯುವ ತೀರ್ಮಾನ ಮಾತ್ರ ತಪ್ಪು. ತಪ್ಪನ್ನು ಅವರು ಪಿತ್ರಾರ್ಜಿತ ಹೊಲದ ಹಾಗೆ ಕಾಣುತ್ತಾರೆ. ಮೂರು ಎಕರೆಯಲ್ಲಿ ಅಣ್ಣನಿಗೆ ಎರಡು ಹೋದರೆ ತಮ್ಮನಿಗೆ ಉಳಿಯುವುದು ಒಂದೇ ಅನ್ನುವ ಲೆಕ್ಕ. ಹಾಗಾಗಿ ಅಡಗಿದವನ ತಲೆಗೆ ಹೆಚ್ಚು ಕಟ್ಟಿದಷ್ಟೂ ಬಾಂಬು ಹಾಕಿದವನ ತಲೆಯ ಭಾರ ಇಳಿಯುತ್ತದೆ ಅಂದುಕೊಳ್ಳುತ್ತಾರೆ. ಹೊಣೆ ಇರುವುದು ಹಾಗಲ್ಲ. ಅದು ಬ್ಯಾಂಕಿನ ಸಾಲಕ್ಕೆ ಇಬ್ಬರು ಜಾಮೀನು ಹಾಕಿದ ಹಾಗೆ. ಇಡೀ ಸಾಲಕ್ಕೆ ಇವನೂ ಹೊಣೆ, ಇಡೀ ಸಾಲಕ್ಕೆ ಅವನೂ ಹೊಣೆ. "ಅವನನ್ನು ಕೇಳಿ" ಅಂದರೆ ಮ್ಯಾನೇಜರು ನಿಮ್ಮನ್ನು ಬಿಡುವುದಿಲ್ಲ.

ಇದು ನನ್ನ ಕಲ್ಪನೆಯಲ್ಲ, ಯುದ್ಧದ ಕಾನೂನಿನಲ್ಲೇ ಇದೆ. 1949ರ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲಿನ, ಅಂದರೆ ಪೂರಕ ಒಪ್ಪಂದದ, 51ನೇ ವಿಧಿ ನೋಡಿ. ಅದರ 7ನೇ ಉಪವಿಧಿ ನಾಗರಿಕರನ್ನು ಗುರಾಣಿ ಮಾಡಿಕೊಳ್ಳುವುದನ್ನು ನಿಷೇಧಿಸುತ್ತದೆ. ನಿಮ್ಮ ತಮ್ಮನ ಮಾತು ಅಲ್ಲಿದೆ. ಅದರ ಬೆನ್ನಿಗೇ ಬರುವ 8ನೇ ಉಪವಿಧಿ ಹೇಳುವುದು ಇಷ್ಟು: ಒಂದು ಪಕ್ಷ ಈ ನಿಷೇಧ ಮುರಿದರೂ ನಾಗರಿಕರ ವಿಷಯದಲ್ಲಿ ಎದುರು ಪಕ್ಷಕ್ಕಿರುವ ಕರ್ತವ್ಯ ಕಳಚುವುದಿಲ್ಲ. ನಿಮ್ಮ ಮಗನ ಮಾತು ಇಲ್ಲಿದೆ. ಎರಡನ್ನೂ ಒಂದೇ ವಿಧಿಯೊಳಗೆ ಅಕ್ಕಪಕ್ಕ ಇಟ್ಟಿದ್ದಾರೆ. ಭಾರತ 1949ರ ಒಪ್ಪಂದಗಳನ್ನು ಒಪ್ಪಿ 1960ರಲ್ಲಿ ಅದಕ್ಕೊಂದು ಕಾಯ್ದೆಯನ್ನೂ ಮಾಡಿದೆ, 1977ರ ಪ್ರೋಟೋಕಾಲಿಗೆ ಸಹಿ ಹಾಕಿಲ್ಲ. ಅಮೆರಿಕ, ಇಸ್ರೇಲ್ ಕೂಡ ಅದರಲ್ಲಿ ಸೇರಿಲ್ಲ. ಆದರೆ ಹೋರಾಡುವವನನ್ನೂ ಹೋರಾಡದವನನ್ನೂ ಬೇರೆಬೇರೆಯಾಗಿ ಕಾಣಬೇಕು ಎಂಬ ಮೂಲನಿಯಮ ರೂಢಿಯ ಕಾನೂನಾಗಿ ಎಲ್ಲರಿಗೂ ಅನ್ವಯಿಸುತ್ತದೆ.

ಗಾಜಾದ ಮಾತನ್ನು ನೇರವಾಗಿಯೇ ಆಡೋಣ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಯವರು ಇಸ್ರೇಲಿಗೆ ನುಗ್ಗಿ ಸುಮಾರು 1,200 ಮಂದಿಯನ್ನು ಕೊಂದರು, ಸುಮಾರು 250 ಮಂದಿಯನ್ನು ಒತ್ತೆಯಾಳಾಗಿ ಎಳೆದೊಯ್ದರು. ಸತ್ತವರಲ್ಲಿ ಹೆಚ್ಚಿನವರು ಸಾಮಾನ್ಯ ಜನ. ಮನೆಯೊಳಗೆ ನುಗ್ಗಿ ಕೊಲ್ಲುವುದಕ್ಕೆ ವಿಮಾನ ಇರುವುದು, ಇಲ್ಲದಿರುವುದು ಕಾರಣವೇ ಅಲ್ಲ. ಆಮೇಲೆ ಗಾಜಾದ ಮೇಲೆ ನಡೆದ ದಾಳಿಯಲ್ಲಿ ಸತ್ತವರು ಹತ್ತಾರು ಸಾವಿರ, ಅದರಲ್ಲಿ ಮಕ್ಕಳೇ ಸಾವಿರ ಸಾವಿರ. ಮನೆಗಳ ಕೆಳಗೆ ಹಮಾಸ್‌ನ ಸುರಂಗ ಇತ್ತು ಎಂಬುದು ಆ ಮಕ್ಕಳ ಲೆಕ್ಕವನ್ನು ಅಳಿಸುವುದಿಲ್ಲ. 2024ರ ನವೆಂಬರ್ 21ರಂದು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಸ್ರೇಲಿನ ಪ್ರಧಾನಿ ನೆತನ್ಯಾಹು, ಹಿಂದಿನ ರಕ್ಷಣಾ ಸಚಿವ ಗ್ಯಾಲಂಟ್ ಮತ್ತು ಹಮಾಸ್‌ನ ಸೇನಾ ಮುಖ್ಯಸ್ಥ ದೈಫ್ ಮೂವರ ಮೇಲೂ ಒಂದೇ ದಿನ ವಾರಂಟ್ ಹೊರಡಿಸಿತು. ವಾರಂಟ್ ಎಂದರೆ ತೀರ್ಪಲ್ಲ, ಅದು ನಿಜ. ಆದರೆ ಒಬ್ಬನ ವಾರಂಟು ಇನ್ನೊಬ್ಬನದನ್ನು ಅರ್ಧ ಮಾಡಲಿಲ್ಲ ಎಂಬುದನ್ನು ಗಮನಿಸಿ.

ಈ ಮಾತು ನನಗೆ ಮನದಟ್ಟಾದದ್ದು ಗಾಜಾಕ್ಕಿಂತ ಮೊದಲು, ನಮ್ಮ ಪಕ್ಕದ ಶ್ರೀಲಂಕಾದಿಂದ. 2009ರ ಮೊದಲ ಐದು ತಿಂಗಳಲ್ಲಿ ಅದರ ಉತ್ತರ ಭಾಗದ ವನ್ನಿ ಪ್ರದೇಶದ 3 ಲಕ್ಷಕ್ಕೂ ಹೆಚ್ಚು ತಮಿಳರು ದಿನದಿನಕ್ಕೆ ಕಿರಿದಾಗುತ್ತಾ ಹೋದ ನೆಲದಲ್ಲಿ ಸಿಕ್ಕಿಕೊಂಡರು. ಸರ್ಕಾರ "ಇಲ್ಲಿಗೆ ಬನ್ನಿ, ಇಲ್ಲಿ ಗುಂಡು ಹಾರುವುದಿಲ್ಲ" ಎಂದು ತಾನೇ ಜಾಗ ಗೊತ್ತು ಮಾಡಿತು. ಜನ ಗಂಟುಮೂಟೆ ಹೊತ್ತು ಅಲ್ಲಿಗೆ ಬಂದರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನೇಮಿಸಿದ ತಜ್ಞರ ಸಮಿತಿ 2011ರಲ್ಲಿ ಕೊಟ್ಟ ವರದಿಯ ಪ್ರಕಾರ ಹಾಗೆ ಒಂದಾದ ಮೇಲೊಂದರಂತೆ ಗೊತ್ತು ಮಾಡಿದ ಮೂರೂ ಜಾಗಗಳ ಮೇಲೆ ಸರ್ಕಾರದ್ದೇ ಷೆಲ್‌ಗಳು ಬಿದ್ದವು, ಆಸ್ಪತ್ರೆಗಳ ಮೇಲೂ ಬಿದ್ದವು. ಅದೇ ವರದಿಯ ಪ್ರಕಾರ ಎಲ್‌ಟಿಟಿಇ ಆ ಜನರನ್ನು ಹೊರಗೆ ಹೋಗಗೊಡಲಿಲ್ಲ, ಓಡಿಹೋಗಲು ನೋಡಿದವರನ್ನು ಹತ್ತಿರದಿಂದಲೇ ಗುಂಡಿಕ್ಕಿ ಕೊಂದಿತು, ಅವರ ನಡುವೆಯೇ ಫಿರಂಗಿ ಇಟ್ಟು ಹಾರಿಸಿತು. ಸತ್ತವರು 40 ಸಾವಿರದವರೆಗೂ ಇರಬಹುದು ಎಂದು ಸಮಿತಿ ಹೇಳಿತು.

ಕೊನೆಗೆ ಅವರಿಗೆ ಉಳಿದದ್ದು ಕಡಲತೀರದ ಒಂದು ಮರಳುದಂಡೆ. ಅಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಒಬ್ಬ ತಾಯಿಯನ್ನು ನೆನೆಯಿರಿ. ಹೊರಗೆ ಹೋಗಲು ನೋಡಿದರೆ ತನ್ನವರೆಂದುಕೊಂಡವರ ಬಂದೂಕು, ನಿಂತಲ್ಲೇ ನಿಂತರೆ ತನ್ನ ಸರ್ಕಾರದ ಷೆಲ್. ಅವಳ ಮಗುವಿನ ಸಾವಿನಲ್ಲಿ ಅರ್ಧ ಇವರದು ಅರ್ಧ ಅವರದು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಹೋಗಗೊಡದವರು ಒಂದು ಪೂರ್ತಿ ಪಾಪ ಮಾಡಿದರು. ಬನ್ನಿ ಎಂದು ಕರೆದು ಷೆಲ್ ಹಾರಿಸಿದವರು ಇನ್ನೊಂದು ಪೂರ್ತಿ ಪಾಪ ಮಾಡಿದರು.

ಇನ್ನು ನಿಮ್ಮ ಮಗನ ಪ್ರಶ್ನೆ: ವಿಮಾನ ಇಲ್ಲದವರು ಹೇಗೆ ಹೋರಾಡಬೇಕು? ಇದನ್ನು ತಳ್ಳಿಹಾಕುವಂತಿಲ್ಲ. ಬಲಿಷ್ಠರೇ ನಿಯಮ ಬರೆದು, ಬಲಹೀನ ಬಯಲಿಗೆ ಬಂದು ಸಮವಸ್ತ್ರ ತೊಟ್ಟು ಸಾಯಲಿ ಎಂದರೆ ಅದು ನ್ಯಾಯವಲ್ಲ. ಕಾನೂನೂ ಇದನ್ನು ಸ್ವಲ್ಪ ಮಟ್ಟಿಗೆ ಒಪ್ಪಿದೆ. 1977ರ ಪ್ರೋಟೋಕಾಲಿನ 44ನೇ ವಿಧಿಯ ಪ್ರಕಾರ ಗೆರಿಲ್ಲಾ ಹೋರಾಟಗಾರ ಎಲ್ಲ ಹೊತ್ತಿನಲ್ಲೂ ಸಮವಸ್ತ್ರದಲ್ಲಿ ಇರಲೇಬೇಕೆಂದಿಲ್ಲ, ಕಾದಾಡುವಾಗ ಮತ್ತು ದಾಳಿಗೆಂದು ಶತ್ರುವಿನ ಕಣ್ಣೆದುರು ಸಾಗುವಾಗ ಆಯುಧ ಕಾಣುವಂತೆ ಹಿಡಿದಿರಬೇಕು. ಹೊಂಚು ಹಾಕಬಹುದು, ಕಾಡು ಸೇರಬಹುದು, ರಾತ್ರಿ ಹೊತ್ತು ದಾಳಿ ಮಾಡಿ ಮಾಯವಾಗಬಹುದು. ಬಲವಿಲ್ಲ ಎಂಬ ಕಾರಣಕ್ಕೆ ಇಷ್ಟು ಸಲಿಗೆ ಸಿಗುತ್ತದೆ. ಯಾರನ್ನು ಕೊಲ್ಲಬಹುದು ಎಂಬ ಪಟ್ಟಿ ಮಾತ್ರ ಬೆಳೆಯುವುದಿಲ್ಲ. 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಕೊಂದರಲ್ಲ, ಅವರಲ್ಲಿ ನಮ್ಮ ಶಿವಮೊಗ್ಗದವರೂ ಇದ್ದರು. ಹೆಂಡತಿ ಮಕ್ಕಳ ಎದುರು ನಿಲ್ಲಿಸಿ, ಧರ್ಮ ಕೇಳಿ ಕೇಳಿ ಕೊಂದದ್ದು ಅದು. ಅಲ್ಲಿ ತೂಗಿ ನೋಡಲು ಏನೂ ಇಲ್ಲ.

ನಿಮ್ಮ ತಮ್ಮ ಕಂಡಿರುವ ಕಷ್ಟ ಬೇರೆ ಥರದ್ದು. ಎದುರಿಗೆ ಬರುವವನ ಫಿರನ್, ಅಂದರೆ ಕಾಶ್ಮೀರಿಗಳ ಉದ್ದ ನಿಲುವಂಗಿಯ ಒಳಗೆ ಮೈ ಕಾಯಿಸುವ ಕಾಂಗ್ರಿ ಕುಡಿಕೆಯ ಕೆಂಡ ಇದೆಯೋ ಬಂದೂಕಿದೆಯೋ ಗೊತ್ತಾಗದೆ ಅರೆಗಳಿಗೆಯಲ್ಲಿ ತೀರ್ಮಾನಿಸಬೇಕು. ಹೋರಾಟಗಾರ ಜನರ ಬಟ್ಟೆ ತೊಟ್ಟರೆ ಮೊದಲು ಅಪಾಯಕ್ಕೆ ಸಿಕ್ಕುವವರು ಆ ಬಟ್ಟೆ ತೊಟ್ಟ ಜನರೇ. ಈ ಮಾತನ್ನು ನಿಮ್ಮ ಮಗ ಮಾವನ ಬಾಯಿಂದ ಒಮ್ಮೆ ತಾಳ್ಮೆಯಿಂದ ಕೇಳಬೇಕು. ಆದರೆ ಹಾದಿಯಲ್ಲಿ ನಿಂತ ಆ ಸೈನಿಕನಿಗೂ, ಸಾವಿರ ಮೈಲಿ ದೂರದ ತಂಪು ಕೋಣೆಯಲ್ಲಿ ಕೂತು ಪರದೆ ನೋಡುತ್ತಾ ಗುಂಡಿ ಒತ್ತುವವನಿಗೂ ಒಂದೇ ರಿಯಾಯಿತಿ ಕೊಡಲಾಗದು. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿ ಕಾರನ್ನು ಗಂಟೆಗಟ್ಟಲೆ ಹಿಂಬಾಲಿಸಿ, ಅದು ಮನೆಯಂಗಳ ಸೇರಿದಾಗ ಹೊಡೆಯಿತು. ಸತ್ತವರು 10 ಮಂದಿ, ಅವರಲ್ಲಿ 7 ಮಕ್ಕಳು. ಕಾರಿಗೆ ತುಂಬಿದ್ದು ಸ್ಫೋಟಕವೆಂದು ಅವರು ನಂಬಿದ್ದರು. ಅದು ನೀರಿನ ಕ್ಯಾನುಗಳೆಂದು ಪತ್ರಕರ್ತರು ಆಮೇಲೆ ತೋರಿಸಿಕೊಟ್ಟರು. ತಪ್ಪಾಯಿತು ಎಂದು ಸೇನೆ ಒಪ್ಪಿಕೊಂಡಿತು, ಶಿಕ್ಷೆ ಯಾರಿಗೂ ಆಗಲಿಲ್ಲ. ನೋಡಲು ಅಷ್ಟು ಹೊತ್ತು, ಅಷ್ಟು ಕಣ್ಣು ಇದ್ದವನು "ಗೊತ್ತಾಗಲಿಲ್ಲ" ಎಂದರೆ ಆ ಮಾತಿಗೆ ಬೆಲೆ ಕಡಿಮೆ. ಬಲ ಹೆಚ್ಚಿದ್ದವನಿಗೆ ತಿಳಿದುಕೊಳ್ಳುವ ಹೊಣೆಯೂ ಹೆಚ್ಚು. ಈ ಅಸಮ ಯುದ್ಧಗಳಲ್ಲಿ ಬಲಿಷ್ಠರಿಗೆ ಅನ್ಯಾಯವಾಗುತ್ತಿದೆ ಎಂಬ ಅಳಲನ್ನು ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೇ.

ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. 2017ರ ಮಾರ್ಚ್ 17ರಂದು ಇರಾಕಿನ ಮೊಸುಲ್‌ನಲ್ಲಿ ಒಂದು ಮನೆಯ ಮೇಲ್ಮಹಡಿಯಲ್ಲಿ ಐಸಿಸ್‌ನ ಇಬ್ಬರು ಸ್ನೈಪರ್‌ಗಳು, ಅಂದರೆ ಅಡಗಿ ಗುರಿಯಿಟ್ಟು ಹೊಡೆಯುವವರು, ಕೂತಿದ್ದರು, ಇರಾಕಿ ಪಡೆ ಮುಂದೆ ಹೋಗದಂತೆ ತಡೆದಿದ್ದರು. ಅಮೆರಿಕದ ವಿಮಾನ ಸುಮಾರು 225 ಕೆಜಿಯ ಒಂದು ಬಾಂಬು ಹಾಕಿತು. ಕೆಳಗಿನ ಅಂತಸ್ತಿನಲ್ಲಿ ಅಕ್ಕಪಕ್ಕದ ಕುಟುಂಬಗಳೆಲ್ಲ ಬಂದು ಸೇರಿಕೊಂಡಿದ್ದವು. ಮನೆ ಬಿಟ್ಟು ಹೊರಡಬೇಡಿ ಎಂದು ಇರಾಕ್ ಸರ್ಕಾರವೇ ಜನರಿಗೆ ಹೇಳಿತ್ತು. ಕಟ್ಟಡ ಕುಸಿದು ಸತ್ತವರು ಅಮೆರಿಕದ ತನಿಖೆಯ ಪ್ರಕಾರವೇ 105 ಮಂದಿ. ಐಸಿಸ್ ಅಲ್ಲಿ ಇಟ್ಟಿದ್ದ ಸ್ಫೋಟಕವೂ ಸಿಡಿದದ್ದರಿಂದ ಕಟ್ಟಡ ಬಿತ್ತು, ಒಳಗೆ ಜನ ಇರುವುದು ಗೊತ್ತಿರಲಿಲ್ಲ ಎಂದು ತನಿಖೆ ಹೇಳಿತು.

ಮುಂದಿನ ವರ್ಷ ಊರಿನ ಹೆಸರು ಹೇಳದೆ ಇದನ್ನು ಒಂದು ಲೆಕ್ಕದ ಹಾಗೆ ವಿದ್ಯಾರ್ಥಿಗಳ ಮುಂದಿಟ್ಟೆ. ಒಂದು ಮನೆ, ಇಬ್ಬರು ಸ್ನೈಪರ್, ನಿಮ್ಮ ಸೈನಿಕರು ಬೀದಿಯಲ್ಲಿ ಸಿಕ್ಕಿಬಿದ್ದಿದ್ದಾರೆ, ಬಾಂಬು ತಯಾರಿದೆ. ಹಾಕಬೇಕೇ? ಮುಕ್ಕಾಲು ಪಾಲು ಕೈಗಳು ಮೇಲೆದ್ದವು. ಅದರ ಮರುವರ್ಷ ಬೋರ್ಡಿನ ಮೇಲೆ ಹಳೇ ದಾವಣಗೆರೆಯ ಚೌಕಿಪೇಟೆಯ ಒಂದು ಓಣಿ ಬರೆದೆ. ಮೂಲೆಯ ಅಂಗಡಿ, ನಲ್ಲಿಕಟ್ಟೆ, ಒತ್ತೊತ್ತಾಗಿ ಮನೆಗಳು. ಅದರಲ್ಲೊಂದರ ಮಾಳಿಗೆಯ ಮೇಲೆ ಅದೇ ಇಬ್ಬರು. ಕೈ ಏಳಲೇ ಇಲ್ಲ. ಪ್ರಶ್ನೆಗಳು ಎದ್ದವು. ಕೆಳಗಡೆ ಯಾರಿದ್ದಾರೆ ಸಾರ್? ಹಿತ್ತಲ ಕಡೆಯಿಂದ ಹತ್ತಲು ದಾರಿ ಇಲ್ಲವಾ? ಕತ್ತಲಾಗುವವರೆಗೆ ಕಾದರೆ ಏನು ಹೋಗುತ್ತೆ? ಇಬ್ಬರನ್ನು ಹೊಡೆಯೋಕೆ ಅಷ್ಟು ದೊಡ್ಡ ಬಾಂಬು ಯಾಕೆ, ಚಿಕ್ಕದು ಇಲ್ಲವಾ? ಮೊದಲೇ ಮೈಕಿನಲ್ಲಿ ಕೂಗಿ ಹೇಳಬಹುದಲ್ಲ? ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಸುಮ್ಮನಿದ್ದಳು. ಆಮೇಲೆ ಹೇಳಿದಳು, "ನಮ್ಮಜ್ಜಿಗೆ ಕಿವಿ ಕೇಳಲ್ಲ ಸಾರ್, ಮೈಕು ಕೂಗಿದ್ರೂ ಆಕಿ ಹೊರಗ ಬರಲ್ಲ."

ಅವರು ಕೇಳಿದ ಒಂದೊಂದು ಪ್ರಶ್ನೆಯೂ ಪ್ರೋಟೋಕಾಲಿನ 57ನೇ ವಿಧಿಯಲ್ಲಿ ಇದೆ. ಗುರಿಯನ್ನು ಖಾತ್ರಿ ಮಾಡಿಕೊಳ್ಳಬೇಕು, ಕಡಿಮೆ ಹಾನಿಯಾಗುವ ಆಯುಧ ಮತ್ತು ದಾರಿ ಆರಿಸಬೇಕು, ಸಾಧ್ಯವಿದ್ದರೆ ಮುನ್ನೆಚ್ಚರಿಕೆ ಕೊಡಬೇಕು, ಹಾನಿ ಮಿತಿಮೀರುವಂತಿದ್ದರೆ ದಾಳಿ ಕೈಬಿಡಬೇಕು. ಆ ವಿಧಿಯನ್ನು ನಾನು ಅವರಿಗೆ ಇನ್ನೂ ಹೇಳಿರಲಿಲ್ಲ. ಓಣಿ ತಮ್ಮದಾದಾಗ ತಾವಾಗಿಯೇ ಕೇಳಿದರು. ಮುನ್ನೆಚ್ಚರಿಕೆ ಕೊಟ್ಟ ಮಾತ್ರಕ್ಕೆ ಉಳಿದವರು ಗುರಿಯಾಗುವುದಿಲ್ಲ ಎಂಬ ದೊಡ್ಡ ಮಾತನ್ನು ಆ ಹುಡುಗಿ ಅಜ್ಜಿಯ ಕಿವಿಯಿಂದ ಹೇಳಿಬಿಟ್ಟಳು.

ಇಲ್ಲಿ ಜನ ಸಾಮಾನ್ಯವಾಗಿ ಎಡವುವ ಒಂದು ಕಡೆ ಇದೆ. ಹಾನಿ ಮಿತಿಮೀರಬಾರದು ಎಂಬ ಈ ನಿಯಮವನ್ನು ಅನುಪಾತ ಎನ್ನುತ್ತಾರೆ. ಅದು ಎರಡು ಕಡೆಯ ಹೆಣಗಳ ಲೆಕ್ಕವಲ್ಲ. ಅವರಲ್ಲಿ ಸತ್ತವರು ಹೆಚ್ಚು, ನಮ್ಮಲ್ಲಿ ಕಡಿಮೆ ಎಂಬುದರಿಂದಲೇ ತಪ್ಪು ಸಾಬೀತಾಗುವುದಿಲ್ಲ. ಈ ಒಂದು ದಾಳಿಯಿಂದ ಸಿಗುವ ನೇರ ಸೈನಿಕ ಲಾಭ ಎಷ್ಟು, ಅದಕ್ಕೆ ಸಾಯಬಹುದಾದ ನಾಗರಿಕರು ಎಷ್ಟು ಎಂದು ದಾಳಿಗೆ ಮೊದಲೇ, ಆಗ ತಿಳಿದಿರುವ ಸಂಗತಿಗಳ ಮೇಲೆ ತೂಗಬೇಕು. ಇದಕ್ಕೆ ಸರಿಯಾದ ಅಳತೆಗೋಲು ಯಾರ ಬಳಿಯೂ ಇಲ್ಲ, ನಿಜ. ಅಡಗಿದವನು ಮನೆಯೊಳಗೆ ಎಳೆದುಕೊಂಡ ಜನರನ್ನು ಆ ತೂಕದಿಂದ ಕಳೆಯಬಹುದೇ ಎಂದು ತಜ್ಞರಲ್ಲೇ ವಾದ ಇದೆ. ಕಳೆಯಬಾರದು ಎಂಬುದು ನನ್ನ ನಿಲುವು. ಬೇರೊಬ್ಬ ತಪ್ಪು ಮಾಡಿದ ಎಂದು ಆ ಅಜ್ಜಿಯ ಜೀವ ಅಗ್ಗವಾಗಬಾರದು.

ನೀವು ಚಿತ್ರದುರ್ಗದವರು, ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗಿಯೇ ಇರುತ್ತೀರಿ. ಆ ಏಳು ಸುತ್ತಿನೊಳಗೆ ಬರೀ ಸೈನ್ಯವಿರಲಿಲ್ಲ. ಕಣಜಗಳು, ಹೊಂಡಗಳು, ಗುಡಿಗಳನ್ನು ನೋಡಿದರೆ ಗೊತ್ತಾಗುತ್ತದೆ, ಸಂಸಾರ ಮಾಡಿಕೊಂಡಿದ್ದ ಜನ ಅಲ್ಲಿದ್ದರು. ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದ ಓಬವ್ವ, ಗಂಡ ಊಟಕ್ಕೆ ಕೂತಾಗ ನೀರಿಗೆಂದು ಕೊಡ ಹಿಡಿದು ಬಂದವಳು. ಇಂದಿನ ಕಾನೂನಿನ ಮಾತಿನಲ್ಲಿ ಹೇಳುವುದಾದರೆ ಕೊಡ ಹಿಡಿದಾಗ ನಾಗರಿಕಳು, ಒನಕೆ ಎತ್ತಿದ ಹೊತ್ತಿನಲ್ಲಿ ಹೋರಾಟಗಾರ್ತಿ. ಆ ಹೊತ್ತಿನಲ್ಲಿ ಶತ್ರು ಅವಳ ಮೇಲೆ ಕತ್ತಿ ಬೀಸಿದರೆ ಅದು ಯುದ್ಧ. ಆದರೆ ಒಬ್ಬ ಓಬವ್ವ ಒನಕೆ ಎತ್ತಿದಳೆಂದು ಒನಕೆ ಇದ್ದ ಮನೆಗಳೆಲ್ಲ ಶತ್ರುವಿನ ಠಾಣೆಯಾಗುವುದಿಲ್ಲ. ಅವಳ ಹಿಂದೆ ಅದೇ ಹೊಂಡಕ್ಕೆ ನೀರಿಗೆ ಬರುತ್ತಿದ್ದ ಇನ್ನೊಬ್ಬಳು ಆಗಲೂ ನಾಗರಿಕಳೇ. 1779ರಲ್ಲಿ ಕೋಟೆ ಬಿದ್ದ ಮೇಲೆ ಏನಾಯಿತು ಎಂಬುದನ್ನು ನಾವು ಮಕ್ಕಳಿಗೆ ಅಷ್ಟಾಗಿ ಹೇಳುವುದಿಲ್ಲ. ಸುಮಾರು 20 ಸಾವಿರ ಬೇಡರನ್ನು ಹೈದರಾಲಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ವಯಸ್ಸಿಗೆ ಬಂದ ಹುಡುಗರನ್ನು ಸೆರೆಯಾಳುಗಳನ್ನು ಮತಾಂತರಿಸಿ ಕಟ್ಟಿದ ಚೇಲಾ ಪಡೆಗಳಿಗೆ ಸೇರಿಸಿದ ಎಂದು ಹಳೆಯ ಮೈಸೂರು ಗೆಜೆಟಿಯರ್‌ನಲ್ಲಿದೆ. ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಒನಕೆ ಎತ್ತದೆ, ಮೂಟೆ ಹೊತ್ತು ಬೆಟ್ಟ ಇಳಿದವರನ್ನೂ ನೆನೆಯಬೇಕು.

ಇಲ್ಲಿ ಕೂತು ಮಾತಾಡಲು ಹಕ್ಕೇನು ಎಂದು ಕೇಳಿದ್ದೀರಿ. ಹಕ್ಕಿದೆ. ಆದರೆ ದೂರದವರ ಬಗ್ಗೆ ಎತ್ತರದ ದನಿಯಲ್ಲಿ ಮಾತಾಡುವವನು ಮನೆಯ ಹತ್ತಿರದ್ದನ್ನೂ ಅದೇ ದನಿಯಲ್ಲಿ ಆಡಬೇಕು. 2010ರ ಮೇ 17ರಂದು ಛತ್ತೀಸ್‌ಗಢದ ದಂತೇವಾಡದಲ್ಲಿ ಮಾವೋವಾದಿಗಳು ನೆಲಬಾಂಬಿಟ್ಟು ಒಂದು ಖಾಸಗಿ ಬಸ್ಸನ್ನು ಸಿಡಿಸಿದರು. ವಿಶೇಷ ಪೊಲೀಸ್ ಅಧಿಕಾರಿಗಳೆಂದು ಸರ್ಕಾರ ನೇಮಿಸಿದ್ದ ಸ್ಥಳೀಯ ಯುವಕರು ಆ ಬಸ್ಸಿನಲ್ಲಿದ್ದರು, ಅವರ ಜೊತೆ ಸಾಮಾನ್ಯ ಪ್ರಯಾಣಿಕರೂ ಇದ್ದರು. ಮೂವತ್ತಕ್ಕೂ ಹೆಚ್ಚು ಮಂದಿ ಸತ್ತರು. ಟಿಕೆಟ್ ತೆಗೆದುಕೊಂಡು ಹತ್ತಿದವರನ್ನು ಲೆಕ್ಕಕ್ಕೇ ಇಟ್ಟುಕೊಳ್ಳದ ದಾಳಿ ಅದು. ಇನ್ನೊಂದು ಕಡೆಯಿಂದ ನೋಡಿದರೆ, ಹೆಚ್ಚು ಓದಿಲ್ಲದ ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಟ್ಟು ಊರು–ಠಾಣೆಯ ನಡುವಿನ ಗೆರೆ ಅಳಿಸಿದವರು ಯಾರು? ಆ ನೇಮಕಗಳು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು.

2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್ ಬಳಿ ಕಲ್ಲಿದ್ದಲು ಗಣಿಯಿಂದ ಪಿಕಪ್ ಗಾಡಿಯಲ್ಲಿ ಮನೆಗೆ ಮರಳುತ್ತಿದ್ದ 6 ಕೂಲಿಗಳನ್ನು ನಮ್ಮದೇ ಸೈನಿಕರು ಉಗ್ರರೆಂದು ತಿಳಿದು ಕೊಂದರು. ಹುಡುಕಿಕೊಂಡು ಬಂದ ಊರವರೊಂದಿಗೆ ಘರ್ಷಣೆಯಾಗಿ ಇನ್ನೂ 7 ಮಂದಿ ಸತ್ತರು, ಒಬ್ಬ ಸೈನಿಕನೂ ಸತ್ತ. ಗುರುತು ತಪ್ಪಿ ಆದದ್ದು ಎಂದು ಗೃಹ ಸಚಿವರು ಸಂಸತ್ತಿನಲ್ಲಿ ಹೇಳಿದರು. ನಾಗಾಲ್ಯಾಂಡ್ ಪೊಲೀಸರು 30 ಸೈನಿಕರ ಮೇಲೆ ಆರೋಪಪಟ್ಟಿ ಹಾಕಿದರು. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ ಪ್ರಕಾರ ವಿಚಾರಣೆಗೆ ಬೇಕಾದ ಅನುಮತಿಯನ್ನು ಕೇಂದ್ರ 2023ರಲ್ಲಿ ನಿರಾಕರಿಸಿತು. 2024ರಲ್ಲಿ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಮುಕ್ತಾಯ ಮಾಡಿ, ಶಿಸ್ತು ಕ್ರಮ ಬೇಕಿದ್ದರೆ ಸೇನೆ ಕೈಗೊಳ್ಳಬಹುದು ಎಂದಿತು. ಕತ್ತಲಲ್ಲಿ ಹೊಂಚು ಕೂತ ಸೈನಿಕನ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ 13 ಮನೆಗಳಿಗೆ ಒಂದು ತೆರೆದ ವಿಚಾರಣೆಯನ್ನಾದರೂ ಕೊಡಬೇಕಿತ್ತು. ಈ ಸೈನ್ಯದ ಸಂಬಳ ನಮ್ಮ ತೆರಿಗೆಯಿಂದ ಹೋಗುತ್ತದೆ, ಅದರ ಗೌರವ ನಮ್ಮ ಗೌರವ. ಹಾಗಾಗಿ ಓಟಿಂಗ್ ಬಗ್ಗೆ ಕೇಳುವ ಹೊಣೆ ಗಾಜಾದ ಬಗ್ಗೆ ಕೇಳುವುದಕ್ಕಿಂತ ನನಗೆ ಹೆಚ್ಚು.

ಮಗನಿಗೆ ಹೇಳಿ: ಬಲಹೀನರ ಪರ ನಿಲ್ಲುವುದು ಒಳ್ಳೆಯದು, ಆ ಬಸ್ಸಿನ ಪ್ರಯಾಣಿಕರೂ ಬಲಹೀನರೇ. ತಮ್ಮನಿಗೆ ನಾನು ಹೇಳಬೇಕಾದದ್ದು ಏನೂ ಇಲ್ಲ, ಕೇಳಬೇಕಾದದ್ದು ಇದೆ. ಕಾಶ್ಮೀರದಲ್ಲಿ ನಾಲ್ಕು ವರ್ಷ ಕಾರ್ಡನ್ ಹಾಕಿ, ಅಂದರೆ ಸುತ್ತುವರಿದು, ಮನೆಮನೆ ಹುಡುಕಿದವರು ಅವರು. ಒಳಗೆ ಉಗ್ರ ಇದ್ದಾನೆ, ಮನೆಯವರೂ ಇದ್ದಾರೆ ಎಂದು ಗೊತ್ತಿದ್ದು ಗುಂಡು ಹಾರಿಸದೆ ಬೆಳಗಾಗುವವರೆಗೆ ಚಳಿಯಲ್ಲಿ ಕಾದ ಒಂದು ರಾತ್ರಿಯಾದರೂ ಅವರ ಲೆಕ್ಕದಲ್ಲಿ ಇದ್ದೀತು. ಒಂದು ಭಾನುವಾರ ಊಟ ಮುಗಿದ ಮೇಲೆ ಟಿವಿ ಆರಿಸಿ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದನ್ನು ಕೇಳಿ. ಯಾಕೆ ಹೊಡೆಯಲಿಲ್ಲ, ಯಾರು ಬೇಡ ಎಂದರು, ಆ ಮನೆಯವರು ಬೆಳಿಗ್ಗೆ ಹೊರಗೆ ಬಂದಾಗ ಏನಂದರು ಎಂದು ಕೇಳಿ.